ಮನೆ ಕಟ್ಟುವ ಸೈಟಿನ ಮಣ್ಣು ಮೋರಿಗೆ ಇಳಿಯದಂತೆ ನೋಡಿಕೊಳ್ಳುವುದು ಹೇಗೆ

ಪಾಯ ಅಗೆದ ವಾರದಲ್ಲಿ ಒಂದು ಜೋರು ಮಳೆ ಬಂದರೆ ಸಾಕು, ಬೀದಿಯ ಮೋರಿಯಲ್ಲಿ ಕೆಮ್ಮಣ್ಣು ಕೂರುತ್ತದೆ. ಉಳಿದದ್ದು ಕೆಂಪು ನೀರಾಗಿ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಇಲ್ಲಿ ಬಿದ್ದ ಮಳೆ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಗೂ, ಹೆಬ್ಬಾಳ ಕಣಿವೆಯಲ್ಲಿ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಕಡೆಗೂ, ವೃಷಭಾವತಿ ಕಣಿವೆಯಲ್ಲಿ ಬೈರಮಂಗಲದ ಕಡೆಗೂ ಇಳಿಯುತ್ತದೆ. ನಿಮ್ಮ ಮನೆ ಮುಂದಿನ ಮೋರಿಯಲ್ಲಿ ಈ ನೀರನ್ನು ಸೋಸುವ ಏರ್ಪಾಡು ಯಾವುದೂ ಇಲ್ಲ. ತಡೆಯುವುದಿದ್ದರೆ ಸೈಟಿನಲ್ಲೇ ತಡೆಯಬೇಕು.

ಇಲ್ಲಿರುವ ಅಳತೆಗಳೆಲ್ಲ 30×40 ಸೈಟಿಗೆ ಹೊಂದುವಂಥವು. 60×40 ಆದರೆ ಮೂಲೆಯಲ್ಲಿ ತೋಡುವ ಗುಂಡಿಯ ಗಾತ್ರ, ನೆಲ ಮುಚ್ಚುವ ಹುರುಳಿ, ಹುಲ್ಲು ಎರಡರಷ್ಟು ಮಾಡಿಕೊಳ್ಳಿ, ಉಳಿದದ್ದೆಲ್ಲ ಅದೇ.

ಮೋರಿ ಬಾಯಿ ಕಟ್ಟಿದರೆ ಮುಗಿಯುವುದಿಲ್ಲ

ಬಹಳ ಮಂದಿ ಮೋರಿಯ ಬಾಯಿಗೆ ಏನಾದರೂ ಅಡ್ಡ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಏಕೆ ಸಾಲದು ಎಂಬುದಕ್ಕೆ ಲೆಕ್ಕವಿದೆ. ನಿಂತ ನೀರಿನಲ್ಲಿ 0.1 ಮಿ.ಮೀ. ದಪ್ಪದ ಮರಳಿನ ಕಣ ಒಂದು ಮೀಟರ್ ಕೆಳಗಿಳಿಯಲು ಎರಡು ನಿಮಿಷ ಸಾಕು. 0.01 ಮಿ.ಮೀ. ಕಣಕ್ಕೆ ಸುಮಾರು ಮೂರು ಗಂಟೆ ಬೇಕು. 0.001 ಮಿ.ಮೀ. ಜೇಡಿ ಕಣಕ್ಕೆ ಹನ್ನೆರಡು ದಿನಕ್ಕೂ ಹೆಚ್ಚು. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಬೇಕಾದಷ್ಟಿದೆ. ಮಳೆ ನೀರು ಮೋರಿಯ ಬಾಯಲ್ಲಿ ನಿಲ್ಲುವುದು ಹೆಚ್ಚೆಂದರೆ ಕೆಲವು ನಿಮಿಷ. ಅಷ್ಟರಲ್ಲಿ ಮರಳು, ದಪ್ಪ ಮಣ್ಣು ಸಿಕ್ಕಿಬೀಳುತ್ತದೆ. ಬಣ್ಣ ಹಾಗೇ ದಾಟಿಹೋಗುತ್ತದೆ.

ನಿಮ್ಮ ಸೈಟಿನ ಮಣ್ಣು ಎಂಥದ್ದೆಂದು ತಿಳಿಯಲು ಒಂದು ಲೀಟರ್ ಬಾಟಲಿಗೆ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಎರಡು ನಿಮಿಷದಲ್ಲಿ ತಳ ಸೇರಿದ್ದನ್ನು ಮೋರಿಯ ಬಾಯಿಗೆ ಇಡುವ ಜಲ್ಲಿ ಚೀಲ ಹಿಡಿಯುತ್ತದೆ. ಬೆಳಿಗ್ಗೆ ನೋಡಿದಾಗಲೂ ಕೆಂಪಗೇ ಇರುವ ನೀರನ್ನು ಯಾವ ಚೀಲವೂ ಹಿಡಿಯದು. ಮಳೆಹನಿ ಮಣ್ಣಿಗೆ ಬಡಿಯದಂತೆ ಮುಚ್ಚುವುದೊಂದೇ ಅದಕ್ಕೆ ದಾರಿ. ಹಾಗಾಗಿ ಖರ್ಚು ಮಾಡಲು ನೂರು ರೂಪಾಯಿ ಇದ್ದರೆ ಎಪ್ಪತ್ತನ್ನು ಮಣ್ಣು ಮುಚ್ಚಲು ಹಾಕಿ, ಮೋರಿಯ ಬಾಯಿಗೆ ಉಳಿದದ್ದು ಸಾಕು.

ಕೆಲಸಕ್ಕೆ ಮೊದಲು ಮೋರಿ ನೋಡಿ

ಸೈಟಿನ ಮುಂದೆ ನಾಲ್ಕೈದು ಬಕೆಟ್ ನೀರು ಸುರಿದು, ಅದು ಯಾವ ಬಾಯಿಗೆ ಹೋಗಿ ಬೀಳುತ್ತದೆ ಎಂದು ಹಿಂದೆಯೇ ನಡೆದು ನೋಡಿ. ಎಷ್ಟೋ ಬೀದಿಗಳಲ್ಲಿ ಮನೆ ಮುಂದಿನ ಮೋರಿಗೆ ನೀರು ಹೋಗುವುದೇ ಇಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿ, ನೀರು ಎದುರು ಬದಿಗೋ ನಾಲ್ಕು ಮನೆ ಆಚೆಗೋ ಹರಿಯುತ್ತಿರುತ್ತದೆ. ಚೀಲ ಇಡಬೇಕಾದ್ದು ಆ ಬಾಯಿಗೆ.

ಚಪ್ಪಡಿ ಸಂದಿಯಲ್ಲಿ ಕೋಲು ಇಳಿಸಿ ಈಗಾಗಲೇ ಎಷ್ಟು ಹೂಳಿದೆ ಎಂದು ಅಳೆದು, ಅಳತೆ ಕಾಣುವಂತೆ ಫೋಟೊ ತೆಗೆದಿಡಿ. ಆರು ತಿಂಗಳ ಮೇಲೆ ಪಕ್ಕದ ಮನೆಯವರು "ಎಲ್ಲಾ ನಿಮ್ಮದೇ ಮಣ್ಣು" ಎಂದಾಗ ಈ ಫೋಟೊ ಬೇಕಾಗುತ್ತದೆ. ಮೊದಲೇ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಪಾಲಿಕೆಯ 1533ಕ್ಕೆ ದೂರು ಕೊಟ್ಟು ಎತ್ತಿಸಿಕೊಂಡು ಕೆಲಸ ಶುರು ಮಾಡಿ. ರಸ್ತೆಯಲ್ಲಿ ಚೀಲ ಇಡುವ ವಿಷಯವನ್ನೂ ವಾರ್ಡ್ ಕಚೇರಿಯ ಇಂಜಿನಿಯರಿಗೆ ಆಗಲೇ ಹೇಳಿಬಿಡಿ.

ರಸ್ತೆ ನಡುವೆ ಗುಂಡಗಿನ ಮುಚ್ಚಳ ಇರುವುದು ಜಲಮಂಡಳಿಯ ಒಳಚರಂಡಿ. ಅದು ಮಳೆ ನೀರಿಗಲ್ಲ. ರಸ್ತೆಯಲ್ಲಿ ನೀರು ನಿಂತಾಗ ಆ ಮುಚ್ಚಳ ಎತ್ತಿ ನೀರು ಬಿಡುವ ಚಾಳಿ ನಮ್ಮಲ್ಲಿದೆ. ಮಣ್ಣು ಅದರೊಳಗೆ ಹೋದರೆ ಕೆಳಬೀದಿಯ ನೆಲಮಹಡಿ ಮನೆಗಳ ಕಕ್ಕಸಿನಲ್ಲಿ ಕೊಳಚೆ ಉಕ್ಕುತ್ತದೆ. ಒಳಚರಂಡಿ ಉಕ್ಕಿದರೆ ಕರೆ ಮಾಡಬೇಕಾದ್ದು 1916ಕ್ಕೆ. ಯಾರನ್ನೂ ಅದರೊಳಗೆ ಇಳಿಸಬೇಡಿ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಜೀವ ತೆಗೆಯಬಲ್ಲದು, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧವೂ ಹೌದು.

ಮಣ್ಣು, ಮರಳಿನ ಗುಡ್ಡೆ

ಅಗೆದ ಮಣ್ಣನ್ನು ಸೈಟಿನಲ್ಲಿ ಇಟ್ಟುಕೊಳ್ಳುವುದು ಪಾಯದ ಪಕ್ಕ ತುಂಬಲು ಬೇಕಾದಷ್ಟು ಮಾತ್ರ. ನೆಲಮಾಳಿಗೆ ಇದ್ದರಂತೂ ಲೆಕ್ಕ ಹಾಕಿ ನೋಡಿ: ಸಾವಿರ ಚದರಡಿ, ಹತ್ತಡಿ ಆಳ ಎಂದರೆ ಹತ್ತು ಸಾವಿರ ಘನ ಅಡಿ, ಟ್ರ್ಯಾಕ್ಟರಿಗೆ ನೂರು ಅಡಿಯಂತೆ ನೂರು ಲೋಡು. ಅಗೆದ ಮೇಲೆ ಮಣ್ಣು ಉಬ್ಬುವುದರಿಂದ ಇನ್ನೂ ಇಪ್ಪತ್ತು ಲೋಡು ಸೇರಿಸಿ. ಇಷ್ಟನ್ನು ಜೆಸಿಬಿ ಅಗೆದಂತೆಲ್ಲ ಟಿಪ್ಪರಿಗೆ ತುಂಬಿ ಕಳಿಸಬೇಕು. "ನಾಳೆ ಎತ್ತಿಸೋಣ" ಎಂದು ಬಿಟ್ಟ ಗುಡ್ಡೆಯೇ ಸಂಜೆ ಮಳೆಗೆ ಮೋರಿ ಸೇರುವುದು.

ಎಂ-ಸ್ಯಾಂಡನ್ನು ರಸ್ತೆ ಮೇಲೆ ಸುರಿಯುವುದು ನಿಯಮಕ್ಕೆ ವಿರುದ್ಧ. ಆದರೂ 30×40 ಸೈಟಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಸೈಟಿನೊಳಗೆ ಹತ್ತಡಿ ಜಾಗ ಉಳಿಸಿಕೊಳ್ಳುವಂತೆ ಮೇಸ್ತ್ರಿಗೆ ಮೊದಲೇ ಹೇಳಿ. ಆಗದಿದ್ದರೆ ದೊಡ್ಡ ಟಿಪ್ಪರ್ ಬದಲು ಎರಡು ಮೂರು ದಿನಕ್ಕೆ ಸಾಕಾಗುವಷ್ಟು ಟ್ರ್ಯಾಕ್ಟರ್ ಲೋಡು ತರಿಸಿ. ಗುಡ್ಡೆಗೂ ಮೋರಿಗೂ ಕನಿಷ್ಠ ಹತ್ತಡಿ ದೂರವಿರಲಿ. ಮೂರು ಕಡೆ ಸಾಲಿಡ್ ಬ್ಲಾಕಿನ ಒಂದು ವರಸೆ ಇಟ್ಟು, ಮೇಲೆ 18×24 ಅಡಿಯ ಟಾರ್ಪಾಲು ಹೊದೆಸಿ. ಟಾರ್ಪಾಲಿನ ಅಂಚು ಬ್ಲಾಕಿನ ಹೊರಗೆ ಬರಬೇಕು. ಒಳಗೆ ಮಡಚಿದರೆ ಮೇಲಿನ ನೀರೆಲ್ಲ ಮರಳಿನ ಬುಡಕ್ಕೇ ಇಳಿದು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಗಾಳಿಗೆ ಹಾರದಂತೆ ಅಂಚಿನ ಮೇಲೆ ಮೂರಡಿಗೊಂದು ಬ್ಲಾಕ್ ಹೇರಿ. ಏಪ್ರಿಲ್, ಮೇ ತಿಂಗಳ ಮಳೆ ಗಾಳಿಯ ಜೊತೆಗೇ ಬರುವುದರಿಂದ ಕಲ್ಲಿನ ಚೂರು ಹೇರಿದರೆ ಸಾಲದು.

ಸೈಟು ಮಟ್ಟ ಮಾಡಿಸಿ ಎರಡು ಮೂರು ತಿಂಗಳು ಕೆಲಸ ಶುರುವಾಗುವುದಿಲ್ಲ ಎಂದಾದರೆ ಹುರುಳಿ ಚೆಲ್ಲಿ. ಹೊಲದ ಲೆಕ್ಕದಲ್ಲಿ 1200 ಚದರಡಿಗೆ ಅರ್ಧ ಕೆ.ಜಿ.ಗಿಂತ ಕಡಿಮೆ ಸಾಕು, ಇಲ್ಲಿ ಬೇಕಾದ್ದು ಬೆಳೆಯಲ್ಲ, ಹೊದಿಕೆ, ಒಂದು ಕೆ.ಜಿ. ಹಾಕಿ. ಹದ ಮಳೆ ಬಿದ್ದರೆ ವಾರದೊಳಗೆ ಮೊಳೆತು, ತಿಂಗಳು ಕಳೆಯುವಷ್ಟರಲ್ಲಿ ನೆಲ ಮುಚ್ಚುತ್ತದೆ. ಅಲ್ಲಿಯವರೆಗೆ ಐವತ್ತು ಕೆ.ಜಿ. ಒಣಹುಲ್ಲನ್ನು ತೆಳ್ಳಗೆ ಹರಡಿರಬೇಕು. ಇಳಿಜಾರು ಹೆಚ್ಚಿದ್ದರೆ ಹುಲ್ಲು ಜಾರುತ್ತದೆ, ಅಲ್ಲಿಗೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯಿರಿ. ನಾರಿನ ಪುಡಿ ಹಾಕಬೇಡಿ, ಅದು ತೇಲಿ ಮೊದಲು ಮೋರಿ ಸೇರುತ್ತದೆ.

ತಗ್ಗಿನ ಕಡೆ ಬ್ಲಾಕಿನ ಸಾಲು, ಮೂಲೆಯಲ್ಲಿ ಗುಂಡಿ

ಸೈಟಿನ ಸುತ್ತ ತಗಡಿನ ಶೀಟೋ ಹಸಿರು ಪರದೆಯೋ ಕಟ್ಟಿರುತ್ತಾರೆ. ನೀರು ಅದರ ಅಡಿಯಿಂದ ನುಸುಳುತ್ತದೆ, ಆದ್ದರಿಂದ ಅದು ಮಣ್ಣಿಗೆ ಬೇಲಿಯಾಗದು. ಪರದೆಯನ್ನೇ ಬಳಸುವುದಾದರೆ ಅರ್ಧ ಅಡಿ ಆಳದ ಕಾಲುವೆ ತೋಡಿ, ಅದರ ಅಂಚನ್ನು ಒಳಗೆ ಇಳಿಸಿ, ಮಣ್ಣು ತುಂಬಿ ತುಳಿದು ಗಟ್ಟಿ ಮಾಡಬೇಕು. ಗೂಟಗಳ ನಡುವೆ ಆರಡಿಗಿಂತ ಹೆಚ್ಚು ಅಂತರ ಬೇಡ. ಗೂಟ ಹೊರಗಡೆ, ಪರದೆ ಮಣ್ಣಿನ ಕಡೆ. ತಿರುವು ಮುರುವಾದರೆ ನೀರಿನ ಒತ್ತಡಕ್ಕೆ ಪರದೆ ಗೂಟದಿಂದ ಕಿತ್ತು ಬರುತ್ತದೆ.

ಚಿಕ್ಕ ಸೈಟಿಗೆ ಪರದೆಗಿಂತ ಬ್ಲಾಕಿನ ಸಾಲೇ ಮೇಲು. ಮೂವತ್ತಡಿ ಉದ್ದಕ್ಕೆ 16 ಇಂಚಿನ ಬ್ಲಾಕ್ ಒಂದು ವರಸೆಗೆ 23, ಎರಡು ವರಸೆಗೆ 46. ಅಡಿಯಲ್ಲಿ ಮಣ್ಣಿನ ಗಾರೆ ಹಾಕಿ ಕೂರಿಸಿದರೆ ಸಾಕು, ಸಿಮೆಂಟ್ ಬೇಡ. ಮುಂದೆ ಇದೇ ಬ್ಲಾಕು ಗೋಡೆಗೆ ಬರುತ್ತದೆ. ಮೂರು ಕಡೆ ಮೂರು ಇಂಚಿನ ಸಂದು ಬಿಟ್ಟು ಅಲ್ಲಿ ಜಲ್ಲಿ ತುಂಬಿದ ಚೀಲ ತುರುಕಿ, ನೀರು ಸೋಸಿಕೊಂಡು ಹೋಗಲಿ. ಸಂದು ಬಿಡದೆ ಪೂರ್ತಿ ಕಟ್ಟಿದರೆ ನೀರು ಪಾಯದ ಗುಂಡಿಗೋ ಪಕ್ಕದವರ ಕಾಂಪೌಂಡಿನ ಬುಡಕ್ಕೋ ತಿರುಗುತ್ತದೆ. ಎರಡೂ ಅಪಾಯ.

ಸೈಟಿನ ಅತಿ ತಗ್ಗಿನ ಮೂಲೆಯಲ್ಲಿ 4×4 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿ. ಇದರಲ್ಲಿ ಸುಮಾರು 1,350 ಲೀಟರ್ ನಿಲ್ಲುತ್ತದೆ. 1200 ಚದರಡಿ ಮೇಲೆ ಒಂದು ಇಂಚು ಮಳೆ ಬಿದ್ದರೆ 2,800 ಲೀಟರ್. ಅರ್ಧ ಇಂಗಿ ಅರ್ಧ ಹರಿದರೆ ಗುಂಡಿಗೆ ಸರಿಹೋಗುತ್ತದೆ. ನೀರು ಒಳಬರುವ ಜಾಗಕ್ಕೂ ಉಕ್ಕಿ ಹೊರಹೋಗುವ ಜಾಗಕ್ಕೂ ಆದಷ್ಟು ದೂರವಿರಬೇಕು. ಎರಡೂ ಒಂದೇ ಬದಿಗಿದ್ದರೆ ಮಣ್ಣು ಕೂರಲು ಸಮಯವೇ ಸಿಗದು. ಹೊರಹೋಗುವ ಅಂಚಿಗೆ ಸೈಜುಗಲ್ಲಿನ ಚೂರು ಹಾಸದಿದ್ದರೆ ಮೊದಲ ಮಳೆಗೇ ಅಂಚು ಕೊರೆದು ಗುಂಡಿ ಖಾಲಿಯಾಗುತ್ತದೆ. ತಳದಿಂದ ಒಂದಡಿಗೆ ಗುರುತು ಹಾಕಿದ ಕೋಲು ನೆಟ್ಟು, ಹೂಳು ಆ ಗುರುತಿಗೆ ಬಂದ ದಿನವೇ ಎತ್ತಿ. ಸುತ್ತ ಕಟ್ಟಿಗೆ ಕಟ್ಟಿ, ಮೇಲೆ ಹಲಗೆ ಹಾಕಿ. ಸೈಟಿನಲ್ಲಿ ಕೂಲಿಯವರ ಮಕ್ಕಳು ಓಡಾಡುತ್ತಿರುತ್ತಾರೆ. ನೀರು ಐದು ದಿನಕ್ಕಿಂತ ಹೆಚ್ಚು ನಿಲ್ಲದಿರಲಿ. ಡೆಂಗಿ ಸೊಳ್ಳೆಯ ಮೊಟ್ಟೆ ವಾರ, ಹತ್ತು ದಿನದಲ್ಲಿ ರೆಕ್ಕೆ ಬಿಚ್ಚುತ್ತದೆ.

ಈ ನೀರನ್ನು ಇಂಗುಬಾವಿಗೆ ಬಿಡುವ ಯೋಚನೆ ಬರುತ್ತದೆ, ಬೇಡ. ಜೇಡಿ ಒಮ್ಮೆ ಬಾವಿಯ ಗೋಡೆಗೆ ಮೆತ್ತಿಕೊಂಡರೆ ಮುಂದೆ ಛಾವಣಿಯ ಶುದ್ಧ ನೀರೂ ಇಂಗುವುದಿಲ್ಲ. ಕಟ್ಟಡ ಮುಗಿದು ಅಂಗಳಕ್ಕೆ ಕಲ್ಲು ಹಾಸಿದ ಮೇಲಷ್ಟೇ ಇಂಗುಬಾವಿ ತೆರೆಯಬೇಕು.

ಮೋರಿಯ ಬಾಯಿಗೆ ಜಲ್ಲಿ ಚೀಲ

ಇದಕ್ಕೆ ಒಳ್ಳೆಯ ಚೀಲ ಯಶವಂತಪುರದ ಯಾರ್ಡಿನಲ್ಲೂ ತರಕಾರಿ ಅಂಗಡಿಯಲ್ಲೂ ಸಿಗುವ ಈರುಳ್ಳಿಯ ಜಾಲರಿ ಚೀಲ. ಒಂದು ಬೇಗ ಹರಿಯುತ್ತದೆ, ಒಂದರೊಳಗೊಂದು ಹಾಕಿ ಎರಡು ಪದರ ಮಾಡಿ. ಸಿಮೆಂಟ್ ಚೀಲದಲ್ಲಿ ನೀರು ಸರಾಗವಾಗಿ ದಾಟುವುದಿಲ್ಲ, ಒಳಗೆ ಉಳಿದ ಸಿಮೆಂಟೂ ತೊಳೆದು ಹೋಗುತ್ತದೆ. ಒಳಗೆ ತುಂಬಬೇಕಾದ್ದು 20 ಮಿ.ಮೀ. ಜಲ್ಲಿ. ಮರಳು ತುಂಬಿದ ಚೀಲ ಗೋಡೆಯಂತೆ ನೀರು ಕಟ್ಟುತ್ತದೆ, ಮಣ್ಣು ತುಂಬಿದ್ದು ಒಡೆದರೆ ತಡೆಯಬೇಕಾದ ಮಣ್ಣನ್ನು ನಾವೇ ತಂದು ಸುರಿದಂತೆ.

1. ಒಂದು ಚೀಲಕ್ಕೆ ಹದಿನೈದು ಕೆ.ಜಿ.ಯಂತೆ ತುಂಬಿ, ಅಂದರೆ ಹತ್ತು ಲೀಟರಿನ ಒಂದು ಬಕೆಟ್. ಬಿಗಿಯಾಗಿ ತುಂಬಿದರೆ ಚೀಲ ನೆಲಕ್ಕೆ ಒತ್ತಿ ಕೂರದು, ಅಡಿಯಲ್ಲಿ ಸಂದು ಉಳಿಯುತ್ತದೆ.

2. ಎರಡಡಿ ಅಗಲದ ಬಾಯಿಗೆ ಹತ್ತು ಚೀಲ ಬೇಕು. ಬಾಯಿಯಿಂದ ಒಂದೂವರೆ ಅಡಿ ದೂರದಲ್ಲಿ ಅರ್ಧ ಬಳೆಯ ಆಕಾರದಲ್ಲಿ ಐದು ಚೀಲ ಇಡಿ, ಎರಡೂ ತುದಿ ಫುಟ್‌ಪಾತಿನ ಅಂಚುಕಲ್ಲಿಗೆ ಒತ್ತಿಕೊಂಡಿರಲಿ.

3. ಇಟ್ಟಿಗೆ ಕಟ್ಟುವಾಗ ಮಾಡುವಂತೆ ಕೆಳಗಿನ ಕೂಡು ಮುಚ್ಚುವ ಹಾಗೆ ಎರಡನೇ ಸಾಲು ಹೇರಿ, ನಡುವಿನ ಒಂದು ಚೀಲ ಬಿಟ್ಟುಬಿಡಿ. ಜೋರು ಮಳೆಗೆ ನೀರು ಉಕ್ಕಿ ಒಳಹೋಗುವ ದಾರಿ ಅದು. ಉಳಿದ ಒಂದು ಚೀಲ ಹರಿದದ್ದಕ್ಕೆ ಬದಲಿ.

4. ಚೀಲಗಳ ಹೊರಮುಖಕ್ಕೆ ಬೇರೆ ಪರದೆ, ಪ್ಲಾಸ್ಟಿಕ್ ಏನೂ ಸುತ್ತಬೇಡಿ.

ಇದು ರಸ್ತೆಯ ತಗ್ಗಿನಲ್ಲಿರುವ ಬಾಯಿಗೆ. ಇಳಿಜಾರು ರಸ್ತೆಯ ಮೋರಿಯಾದರೆ ಬಾಯಿ ಸುತ್ತ ಇಟ್ಟು ಪ್ರಯೋಜನವಿಲ್ಲ, ನೀರು ಚೀಲದ ಪಕ್ಕದಿಂದ ಸುತ್ತಿಕೊಂಡು ಕೆಳಗಿನ ಬಾಯಿಗೆ ಓಡುತ್ತದೆ. ಅಲ್ಲಿ ಬಾಯಿಗಿಂತ ಮೇಲೆ, ಅಂಚುಕಲ್ಲಿನಿಂದ ರಸ್ತೆಯ ಕಡೆಗೆ ನಾಲ್ಕಡಿ ಉದ್ದದ ಓರೆ ಸಾಲು ಇಡಿ; ರಸ್ತೆ ಕಡೆಯ ತುದಿ ಸ್ವಲ್ಪ ಏರಿನತ್ತ ತಿರುಗಿರಲಿ. ಇಪ್ಪತ್ತಡಿಗೊಂದರಂತೆ ಇಂಥ ಎರಡು ಸಾಲಿದ್ದರೆ ನೀರಿನ ವೇಗ ತಗ್ಗಿ ಮರಳು ಅಲ್ಲಲ್ಲೇ ಕೂರುತ್ತದೆ. ಕತ್ತಲಲ್ಲಿ ಸ್ಕೂಟರಿನವರು ಎಡವದಂತೆ ತುದಿಯ ಚೀಲಕ್ಕೆ ಮಿನುಗುವ ಟೇಪು ಸುತ್ತಿ.

ಕಬ್ಬಿಣದ ಜಾಲರಿ ಬಾಯಿಯ ಮೇಲೆ ಶೇಡ್ ನೆಟ್ ಹಾಸುವುದು ಎಲ್ಲೆಡೆ ಕಾಣುವ ತಪ್ಪು. ಹೊಂಗೆ, ಗುಲ್‌ಮೊಹರ್ ಎಲೆ ಬಂದು ಕೂತರೆ ಹತ್ತು ನಿಮಿಷದಲ್ಲಿ ಅದು ಮುಚ್ಚಿಹೋಗುತ್ತದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಯಾರೋ ಬಂದು ಕಿತ್ತೆಸೆಯುತ್ತಾರೆ, ಕೂತಿದ್ದ ಮಣ್ಣೆಲ್ಲ ಒಂದೇ ಸಲ ಒಳಗೆ ಹೋಗುತ್ತದೆ. ಅವರದು ತಪ್ಪು ಎನ್ನಲೂ ಆಗದು.

ಕಾಂಕ್ರೀಟ್ ಹಾಕುವ ದಿನ

ಮಣ್ಣಿಗಿಂತ ಕೆಟ್ಟದ್ದು ಸಿಮೆಂಟ್ ಹಾಲು. ಅದರ ಪಿಎಚ್ 12ಕ್ಕೂ ಮೇಲಿರುತ್ತದೆ. ಮೋರಿಯ ತಳದಲ್ಲಿ ಗಟ್ಟಿಯಾದರೆ ಸನಿಕೆಗೆ ಬಗ್ಗದು, ಹಾರೆಯಲ್ಲಿ ಒಡೆಯಬೇಕು. ಕೆರೆ ತಲುಪಿದ್ದು ಮೀನಿಗೆ ವಿಷ. ರೆಡಿಮಿಕ್ಸ್ ಲಾರಿಯ ಡ್ರಮ್ ತೊಳೆಯುವುದು ಪ್ಲಾಂಟಿನಲ್ಲೇ ಎಂದು ಆರ್ಡರ್ ಕೊಡುವಾಗಲೇ ಮಾತಾಡಿಕೊಳ್ಳಿ. ಸೈಟಿನಲ್ಲಿ ತೊಳೆಯಬೇಕಾದ್ದು ಕಾಂಕ್ರೀಟ್ ಸುರಿಯುವ ದೋಣಿಯನ್ನು ಮಾತ್ರ. ಅದಕ್ಕೆ 6×6 ಅಡಿ, ಎರಡಡಿ ಆಳದ ಗುಂಡಿಗೆ ದಪ್ಪ ಪ್ಲಾಸ್ಟಿಕ್ ಶೀಟನ್ನು ಎರಡು ಪದರ ಹಾಸಿ. ಜಾಗವಿಲ್ಲದಿದ್ದರೆ 200 ಲೀಟರ್ ಡ್ರಮ್ಮನ್ನು ಉದ್ದಕ್ಕೆ ಸೀಳಿದ ಎರಡು ತೊಟ್ಟಿ ಸಾಕು. ಬಾಣಲೆ, ಕರಣೆ, ಮಿಕ್ಸರ್, ಪೇಂಟ್ ಬ್ರಷ್, ಟೈಲ್ಸ್ ಕತ್ತರಿಸಿದ ಬಿಳಿ ನೀರು ಎಲ್ಲವೂ ಅದರೊಳಗೇ. ಗಟ್ಟಿಯಾದದ್ದನ್ನು ಒಡೆದು ಕಟ್ಟಡದ ತ್ಯಾಜ್ಯದ ಜೊತೆ ಕಳಿಸಿ.

ಗುಂಡಿಯ ನೀರು ಪಂಪ್ ಮಾಡುವಾಗ

ಪಾಯದ ಗುಂಡಿಯಲ್ಲಿ ಮಳೆ ನೀರು ತುಂಬಿದ ಮರುದಿನ ಮೇಸ್ತ್ರಿ ಪಂಪ್ ತಂದು ನೇರ ಮೋರಿಗೆ ಬಿಡುತ್ತಾನೆ. ಒಂದೇ ಗಂಟೆಯಲ್ಲಿ ಇಡೀ ತಿಂಗಳಿನಷ್ಟು ಹೂಳು ಹೋಗುವುದು ಹೀಗೆ. ನಡುವೆ ಡ್ರಮ್ ಇಟ್ಟರೆ ಸೋಸುತ್ತದೆ ಎಂಬ ನಂಬಿಕೆಯಿದೆ. ಒಂದು ಎಚ್‌ಪಿ ಪಂಪು 200 ಲೀಟರ್ ಡ್ರಮ್ಮನ್ನು ಒಂದೆರಡು ನಿಮಿಷದಲ್ಲಿ ತುಂಬಿಬಿಡುತ್ತದೆ, ಅಷ್ಟರಲ್ಲಿ ಕೂರುವುದು ಮರಳು ಮಾತ್ರ.

ಗುಂಡಿಯಲ್ಲೇ ತಿಳಿಯಾಗಲು ಬಿಡುವುದು ಸರಿಯಾದ ದಾರಿ. ಅಂಗಡಿಯಲ್ಲಿ ಆಲಂ ಎಂದು ಕೇಳಿದರೆ ಸಿಗುವ ಪಟಿಕ 10 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಗುಂಡಿಯ ನೀರನ್ನು ಒಂದೊಂದು ಲೀಟರಿನಂತೆ ಮೂರು ಬಾಟಲಿಗೆ ತುಂಬಿ, ಕ್ರಮವಾಗಿ 5, 10, 15 ಮಿ.ಲೀ. ಪಟಿಕದ ನೀರು ಹಾಕಿ, ಮೆಲ್ಲಗೆ ಅಲ್ಲಾಡಿಸಿ ಅರ್ಧ ಗಂಟೆ ಇಡಿ. ತಿಳಿಯಾದ ಬಾಟಲಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಾಕಿದ್ದು ಯಾವುದೋ ಅದೇ ಅಳತೆ: 5 ಮಿ.ಲೀ. ಎಂದರೆ ಸಾವಿರ ಲೀಟರಿಗೆ 50 ಗ್ರಾಂ. ಕರಗಿಸಿ ಗುಂಡಿಗೆ ಸುರಿದು, ಉದ್ದ ಕೋಲಿನಿಂದ ಕಲಕಿ, ರಾತ್ರಿಯಿಡೀ ಬಿಡಿ. ಸಿಮೆಂಟ್ ಬೆರೆತ ನೀರಿಗೆ ಪಟಿಕ ಸರಿಯಾಗಿ ಹಿಡಿಯುವುದಿಲ್ಲ, ಅಂಥದ್ದನ್ನು ತೊಳೆಯುವ ಗುಂಡಿಗೇ ಹಾಕಿ.

ಪಂಪಿನ ಹೀರುವ ಪೈಪನ್ನು ಖಾಲಿ ಕ್ಯಾನಿಗೆ ಕಟ್ಟಿ ತೇಲಿಬಿಡಿ, ಬಾಯಿ ನೀರಿನ ಮಟ್ಟದಿಂದ ಒಂದಡಿ ಒಳಗಿರಲಿ. ತಳದಲ್ಲಿ ಒಂದೂವರೆ ಅಡಿ ಉಳಿದಾಗ ನಿಲ್ಲಿಸಿ, ಉಳಿದ ರಾಡಿಯನ್ನು ಬಕೆಟಿನಲ್ಲಿ ಎತ್ತಿ ಮಣ್ಣಿನ ಗುಡ್ಡೆಯ ಮೇಲೆ ಹರಡಿ.

ಬೋರ್‌ವೆಲ್ ಇದ್ದರೆ

ಮೋರಿಗೆ ಅತಿ ಹೆಚ್ಚು ಹಾನಿಯಾಗುವುದು ಬೋರ್ ಕೊರೆಯುವ ಆ ಒಂದು ದಿನ. ಆರೂವರೆ ಇಂಚಿನ ಬಿಟ್‌ನಲ್ಲಿ ಸಾವಿರ ಅಡಿ ಕೊರೆದರೆ ಆರೂವರೆ ಘನ ಮೀಟರ್ ಕಲ್ಲು ಪುಡಿಯಾಗಿ ಮೇಲೆ ಬರುತ್ತದೆ. ಸಡಿಲವಾದಾಗ ಒಂಬತ್ತು ಘನ ಮೀಟರಿಗೆ ಹತ್ತಿರ, ಮೂರು ಟ್ರ್ಯಾಕ್ಟರ್ ಲೋಡು. ನೀರಿನ ಜೊತೆ ಬೂದು ಬಣ್ಣದ ಕೆಸರಾಗಿ ಅದು ಬೀದಿ ಉದ್ದಕ್ಕೂ ಹರಿದು ಮೋರಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಲಾರಿ ಬರುವ ಮೊದಲು 6×6 ಅಡಿ, ನಾಲ್ಕಡಿ ಆಳದ ಎರಡು ಗುಂಡಿ ಒಂದರ ಮುಂದೊಂದು ತೋಡಿ, ಮೊದಲನೆಯದು ಉಕ್ಕಿದ್ದು ಎರಡನೆಯದಕ್ಕೆ, ಎರಡನೆಯದು ಉಕ್ಕಿದ್ದು ಜಲ್ಲಿ ಚೀಲ ದಾಟಿ ಹೊರಗೆ ಹೋಗುವಂತೆ ಮಾಡಿ. ಜಾಗ ಇಲ್ಲದವರು ಕೊರೆಯುವ ಜಾಗದ ಸುತ್ತ ಬ್ಲಾಕಿನ ಎರಡು ವರಸೆ ಕಟ್ಟಿ, ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ಕೊರೆದಂತೆಲ್ಲ ಇಬ್ಬರಿಂದ ಎತ್ತಿಸಬೇಕು.

ಮಳೆಗೆ ಮೊದಲು, ಮಳೆ ನಿಂತ ಮೇಲೆ

ಮೋಡ ಕವಿದ ಮಧ್ಯಾಹ್ನ ಮೂರು ಗಂಟೆಗೆ ಟಾರ್ಪಾಲು, ಚೀಲ, ಗುಂಡಿಯ ಕೋಲು ನೋಡುವ ಕೆಲಸವನ್ನು ವಾಚ್‌ಮನ್‌ಗೆ ಒಪ್ಪಿಸಿ. ಮಳೆಯ ಮುನ್ಸೂಚನೆ ಕೊಡುವ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘಸಂದೇಶ ಆ್ಯಪ್ ಅವನ ಫೋನಿನಲ್ಲಿರಲಿ. ಮಳೆ ನಿಂತ ಮೇಲೆ ರಸ್ತೆಗೆ ಬಂದ ಮಣ್ಣನ್ನು ಸನಿಕೆಯಲ್ಲಿ ಬಾಚಿ, ಒಣಗಿದ ಮೇಲೆ ಗುಡಿಸಿ. ಪೈಪು ಹಿಡಿದು ತೊಳೆಯಬೇಡಿ, ತೊಳೆದದ್ದು ಹೋಗುವುದು ಅದೇ ಮೋರಿಗೆ. ಚೀಲದ ಮುಂದೆ ಅದರ ಅರ್ಧ ಎತ್ತರಕ್ಕೆ ಮಣ್ಣು ಬಂದರೆ ಎತ್ತಿ. ಎತ್ತಿದ ಹೂಳನ್ನು ಮೋರಿಯ ಅಂಚಿನಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ವಾಪಸು ಒಳಗೆ. ಸೈಟಿನೊಳಗೆ ತಂದು ಮುಚ್ಚಿ. ಡೀಸೆಲ್, ಆಯಿಲ್ ಚೆಲ್ಲಿದ ಕಡೆ ಮರದ ಹೊಟ್ಟು ಹಾಕಿ ಹೀರಿಸಿ ಬೇರೆ ಚೀಲಕ್ಕೆ ತುಂಬಿ. ಈರುಳ್ಳಿ ಚೀಲ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಜೀರ್ಣವಾಗುತ್ತದೆ, ಎತ್ತುವಾಗ ನೂಲು ಕಿತ್ತುಬಂದರೆ ಬದಲಾಯಿಸಿ.

ಕೆಲಸ ಮುಗಿದಾಗ ಮೊದಲು ಅಂಗಳ ಮುಚ್ಚಬೇಕು, ಆಮೇಲೆ ಗುಂಡಿ ಮುಚ್ಚಿ, ಬ್ಲಾಕಿನ ಸಾಲು, ಕೊನೆಗೆ ಮೋರಿಯ ಚೀಲ ತೆಗೆಯಬೇಕು. ಬಾಯಿಯಿಂದ ಕೆಳಗೆ ನೂರಡಿವರೆಗೆ ಚಪ್ಪಡಿ ಸಂದಿಯಲ್ಲಿ ಮತ್ತೆ ಕೋಲು ಇಳಿಸಿ ಹಳೆಯ ಅಳತೆಯೊಂದಿಗೆ ಹೋಲಿಸಿ, ಹೆಚ್ಚಾಗಿದ್ದರೆ ಅಷ್ಟನ್ನು ನಿಮ್ಮ ಖರ್ಚಿನಲ್ಲೇ ಎತ್ತಿಸಿ. ಚೀಲದ ಜಲ್ಲಿಯನ್ನು ಗುಂಡಿ ಮುಚ್ಚುವ ಮೊದಲೇ ಅದರಲ್ಲಿ ಅದ್ದಿ ತೊಳೆದುಕೊಂಡರೆ ಪಾರ್ಕಿಂಗಿನ ಅಡಿಗೆ ಹಾಸಲು ಬರುತ್ತದೆ.